ಅಮೆರಿಕದವರು ಯಾರು, ಅತ್ತಿಗುಂದದವರು ಯಾರು

ಗುಡ್ಡವ್ವ ಅಕ್ಕಾರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ಹುಬ್ಬಳ್ಳಿಯಲ್ಲಿ ಈಗಲೂ ಹೇಳುವವರಿದ್ದಾರೆ. ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿ ಸಿಟ್ಟಿದ್ದವರು ಸೀನಿದ ಹಾಗೆ ಸಿಟ್ಟಾಗಿ, ಮೂಗು ಒರೆಸಿಕೊಂಡು ಮರೆತುಬಿಡುತ್ತಾರೆ. ಗುಡ್ಡವ್ವ ಒಂದನ್ನೂ ಮರೆತವಳಲ್ಲ. ಆಕೆಯ ಸಿಟ್ಟು ಎದೆಯೊಳಗೆ ಇರುತ್ತಿತ್ತು, ಬೇಕಾದಾಗ ಬೇಕಾದಷ್ಟೇ ಹೊರಗೆ ಬರುತ್ತಿತ್ತು.

ಆಕೆ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವುದಕ್ಕೆ ಸೇರಿದ್ದು ೧೯೬೧ರ ಜೂನ್‌ನಲ್ಲಿ. ಆ ಶಾಲೆಯಲ್ಲಿ ಪಾಠ ಹೇಳುವ ಅಕ್ಕಾರುಗಳನ್ನೆಲ್ಲ ಅಡ್ಡಹೆಸರು ಹಿಡಿದು ಕರೆಯುವ ರೂಢಿ. ಮುಳಗುಂದ ಅಕ್ಕಾರು, ಕುಂದಗೋಳ ಅಕ್ಕಾರು, ನವಲಗುಂದ ಅಕ್ಕಾರು. ನಮ್ಮ ಕಡೆ ಊರು ಬಿಟ್ಟು ಬಂದವರಿಗೆ ಬಿಟ್ಟ ಊರೇ ಅಡ್ಡಹೆಸರು. ಹೊಲ ಮಾರಿ, ಮನೆ ಬಿದ್ದು, ಮೂರು ತಲೆಮಾರು ಕಳೆದರೂ ಊರು ಹೆಸರಿನ ಬೆನ್ನು ಬಿಡುವುದಿಲ್ಲ.

ಗುಡ್ಡವ್ವನ ಅಪ್ಪ ಹುಚ್ಚಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊರುತ್ತಿದ್ದವನು. ಧಾರವಾಡದ ಆಚೆಗಿನ ಅತ್ತಿಗುಂದದ ಕೇರಿಯಲ್ಲಿ ಹುಟ್ಟಿದವನು. ಕೇರಿ ಎಂದರೆ ಬಿಡಿಸಿ ಹೇಳಬೇಕೆ? ಊರಿನ ಹೊರಗೆ, ಹಳ್ಳದ ದಂಡೆಗೆ, ಬಾವಿಯಿಂದ ದೂರ. ಮಗಳನ್ನು ಸಾಲಿಗೆ ಹಾಕಲು ಕರೆತಂದ ದಿನ ಮಾಸ್ತರು ಅಡ್ಡಹೆಸರು ಕೇಳಿದರು. ಹುಚ್ಚಪ್ಪ ಒಂದು ಗಳಿಗೆಯೂ ಯೋಚಿಸದೆ 'ಅತ್ತಿಗುಂದ' ಎಂದ. ಮಾಸ್ತರು ಬರೆದುಕೊಂಡರು. ಗುಡ್ಡವ್ವ ಹುಚ್ಚಪ್ಪ ಅತ್ತಿಗುಂದ. ಅದೇ ಹೆಸರಿನಿಂದ ಆಕೆ ಮ್ಯಾಟ್ರಿಕ್ ಆದಳು, ಬಿ.ಎ. ಆದಳು, ಬಿ.ಟಿ. ಆದಳು. ನಡುವೆ, ೧೯೫೭ರಲ್ಲಿ, ಹುಚ್ಚಪ್ಪ ಹಳೆಯ ದೇವರ ಜಗಲಿ ತೆಗೆದು ಬುದ್ಧನ ಪಟ ಇಟ್ಟ. ಹಲಗೆ ಬಾರಿಸುವುದನ್ನು ಬಿಟ್ಟ. ಹೆಸರು ಮಾತ್ರ ಬಿಡಲಿಲ್ಲ.

ಇಷ್ಟಾದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದ ಅಕ್ಕಾರುಗಳಿಗೆಲ್ಲ ಮೂರು ಮಾತಿನ ಹೆಸರು, ಈಕೆಗೆ ಎರಡೇ. ಗುಡ್ಡವ್ವ ಹುಚ್ಚಪ್ಪ. ಅಲ್ಲಿಗೆ ಪೂರ್ಣವಿರಾಮ. ಕಾರಣ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಡುವವರು ಯಾರೂ ಇರಲಿಲ್ಲ. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ದೊಡ್ಡ ಹತ್ತಿ ವ್ಯಾಪಾರಿ ಮಹಾಂತಯ್ಯ ಸಾವಕಾರರು. ಅವರ ಅಡ್ಡಹೆಸರೂ ಅತ್ತಿಗುಂದ.

ಗುಡ್ಡವ್ವ ಏನು ಮಾಡಿದಳು? ಪ್ರತಿ ತಿಂಗಳು ಮೊದಲ ದಿನ ಸಹಿ ಮಾಡುವಾಗ ತನ್ನ ಪೆನ್ನಿನಿಂದಲೇ ಹೆಸರಿನ ಮುಂದೆ 'ಅತ್ತಿಗುಂದ' ಎಂದು ದುಂಡಗೆ ಬರೆದಳು. ಮುಖ್ಯಾಧ್ಯಾಪಕಿ ತಾರಾಬಾಯಿ ಮರುದಿನ ಅದರ ಮೇಲೆ ತೆಳ್ಳಗೆ ಒಂದು ಗೆರೆ ಎಳೆಯುತ್ತಿದ್ದರು. ಮುಂದಿನ ತಿಂಗಳು ಈಕೆ ಮತ್ತೆ ಬರೆದಳು, ಅವರು ಮತ್ತೆ ಗೆರೆ ಎಳೆದರು. ಈ ಆಟ ಹತ್ತೊಂಬತ್ತು ತಿಂಗಳು ನಡೆಯಿತು, ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ.

ಮಾತು ಬಂದದ್ದು ೧೯೬೩ರ ಜನವರಿಯಲ್ಲಿ. ತಾರಾಬಾಯಿ ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯರು. ತಮ್ಮ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಕುಳ್ಳಿರಿಸಿ, ಮೇಜಿನ ಮೇಲಿನ ಗಾಜನ್ನು ಸೆರಗಿನಿಂದ ಒರೆಸುತ್ತ ಹೇಳಿದರು.

"ಗುಡ್ಡವ್ವಾ, ನಿನ್ನ ಕಾಯಂ ಮಾಡೋ ವಿಚಾರ ಮುಂದಿನ ತಿಂಗಳ ಮಂಡಳಿ ಮುಂದ ಬರ್ತದ. ಅದಕ್ಕಿಂತ ಮೊದಲ ಸಾವಕಾರರು ಬಂದು ನಿನ್ನ ಪಾಠ ನೋಡ್ತಾರ. ನೀ ಪಾಠದಾಗ ಹುಶಾರ್ ಇದ್ದೀ, ಅದರ ಚಿಂತಿ ಇಲ್ಲ. ಆದ್ರ ಅವರು ಒಂದು ಮಾತು ಹೇಳಿ ಕಳಿಸ್ಯಾರ. ನಿನ್ನ ಅಡ್ಡಹೆಸರು ಹುಬ್ಬಳ್ಳಿ ಅಂತ ಒಂದು ಅರ್ಜಿ ಬರದಕೊಡು. ಹುಬ್ಬಳ್ಳಿ ಏನ್ ಸಣ್ಣೂರೇನವಾ?"

"ಹುಬ್ಬಳ್ಳಿ ದೊಡ್ಡೂರ ರೀ ಬಾಯಾರ. ಅತ್ತಿಗುಂದ ಯಾಕ ಬ್ಯಾಡ ಅಂತಾರ ಅವ್ರು?"

"ಅದು ಅವರ ಮನೆತನದ ಹೆಸರು. ಊರ ಹೊರಗಿನವರು ಊರ ಹೆಸರು ಇಟಗೊಂಡ್ರ, ನಾಳೆ ಕಂಡವರು ನಮ್ಮನ್ನ ನಿಮ್ಮನ್ನ ಒಂದ ಮನಿಯವರು ಅಂತ ತಿಳಕೋತಾರ ಅಂದ್ರು. ಇದು ನನ್ನ ಮಾತಲ್ಲ, ಅವರ ಮಾತು."

"ಬರದಕೊಡಲಿಲ್ಲ ಅಂದ್ರ?"

ತಾರಾಬಾಯಿ ಗಾಜು ಒರೆಸುವುದನ್ನು ನಿಲ್ಲಿಸಿದರು. "ಜೂನಿನಿಂದ ಬ್ಯಾರೆ ಯಾರನ್ನರ ನೋಡ್ತಾರ," ಎಂದರು.

ಗಂಟೆ ಹೊಡೆಯಿತು. ಗುಡ್ಡವ್ವ ಕಿವಿಯವರೆಗೂ ಬಿಸಿಯಾಗಿ ಎಂಟನೆಯ ಕ್ಲಾಸಿಗೆ ಹೋದಳು. ಆವತ್ತಿನ ಪಾಠ ದಕ್ಷಿಣ ಅಮೆರಿಕ. ಗೋಡೆಗೆ ಎರಡೂ ಅಮೆರಿಕ ಖಂಡಗಳ ನಕಾಶೆ ತೂಗುಹಾಕಿ ಪೆರು ದೇಶದ ಮೇಲೆ ಕೋಲಿಟ್ಟು, ಇಲ್ಲಿಯ ಜನರಿಗೆ ಏನಂತಾರ ಎಂದು ಕೇಳಿದಳು.

"ಅಮೆರಿಕದವ್ರು ರೀ," ಎಂದಳು ಕಸ್ತೂರೆವ್ವ ಎಂಬ ಹುಡುಗಿ. ಬ್ರೆಜಿಲ್? "ಅವ್ರೂ ಅಮೆರಿಕದವ್ರ ರೀ." ಮೇಲೆ ಮೆಕ್ಸಿಕೊ? "ಎಲ್ಲಾರೂ ಅಮೆರಿಕದವ್ರ ರೀ ಅಕ್ಕಾರ."

"ಹೌದು, ಒಂದು ಲೆಕ್ಕಕ್ಕ ಎಲ್ಲಾರೂ ಹೌದು. ಹಂಗಾದ್ರ ಮ್ಯಾಲಿನ ಒಂದು ದೇಶದವ್ರಿಗಷ್ಟ ಪೇಪರಿನಾಗ ಅಮೆರಿಕನ್ನರು ಅಂತ ಯಾಕ ಬರೀತಾರ? ಉಳಿದವ್ರಿಗೆ ಸ್ವಂತ ಹೆಸರು ಇಲ್ಲೇನು? ಕಸ್ತೂರೆವ್ವಾ, ನೀ ಯಾವೂರಾಕಿ?"

"ಹುಬ್ಬಳ್ಳಿಯಾಕಿ ರೀ."

"ಹೋದ ವರ್ಷ ಹುಬ್ಬಳ್ಳಿ ಧಾರವಾಡ ಎರಡೂ ಕೂಡಿಸಿ ಒಂದ ಕಾರ್ಪೊರೇಶನ್ ಮಾಡ್ಯಾರ. ಇನ್ನ ಮ್ಯಾಲೆ ನಿನ್ನ ಧಾರವಾಡದಾಕಿ ಅಂತ ಕರೀತೇನಿ."

ಅಬ್ಬಬ್ಬಾ! ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ಇಲ್ರೀ ಅಕ್ಕಾರ, ಒಪ್ಪಂಗಿಲ್ರೀ, ನಾವ್ಯಾಕ ಧಾರವಾಡದವ್ರು ಆಗೋಣ್ರಿ ಎಂದು ಇಪ್ಪತ್ತು ಬಾಯಿ ಒಮ್ಮೆಗೇ ಕೂಗಿದವು. ಹುಬ್ಬಳ್ಳಿಯವರನ್ನು ಏನು ಬೇಕಾದರೂ ಅನ್ನಿ, ಧಾರವಾಡದವರು ಎಂದು ಮಾತ್ರ ಅನ್ನಬೇಡಿ.

"ಹನ್ನೆರಡು ಮೈಲು ದೂರದ ಊರಿನ ಹೆಸರಿಗೆ ಇಷ್ಟು ಸಿಟ್ಟು ಬಂತಲ್ಲ ನಿಮಗ," ಎಂದಳು ಗುಡ್ಡವ್ವ. "ಪೆರು ದೇಶದ ಹುಡಿಗಿಗೆ ಎಷ್ಟು ಬರಬೇಕು?"

ಅಂದಿನಿಂದ ಆ ಕ್ಲಾಸಿನ ಹಾಜರಿಯೇ ಬೇರೆಯಾಯಿತು. ಒಬ್ಬೊಬ್ಬ ಹುಡುಗಿಗೆ ಒಂದೊಂದು ದೇಶ. ಹೆಸರು ಕರೆದರೆ 'ಹಾಜರ್' ಎನ್ನಬಾರದು, ಆ ದೇಶದವಳು ತನ್ನನ್ನು ಏನೆಂದು ಕರೆದುಕೊಳ್ಳುತ್ತಾಳೋ ಅದನ್ನು ಹೇಳಬೇಕು. ಶಮೀಮ ಎಂದರೆ 'ಪೆರುವಿಯನ್ ರೀ'. ಕಸ್ತೂರೆವ್ವ ಎಂದರೆ 'ಬೊಲಿವಿಯನ್ ರೀ'. ಚಿಲಿಯನ್, ಬ್ರೆಜಿಲಿಯನ್, ಮೆಕ್ಸಿಕನ್, ಕೆನಡಿಯನ್. ಪುಸ್ತಕದಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ ಮನುಷ್ಯನ ಚಿತ್ರದ ಕೆಳಗೆ ಇಂಡಿಯನ್ ಎಂದು ಅಚ್ಚಾಗಿತ್ತು. ಗುಡ್ಡವ್ವ ಅದನ್ನೂ ಬಿಡಲಿಲ್ಲ. "ನಮ್ಮ ದೇಶಕ್ಕ ಬರ್ತೇನಂತ ಹೊಂಟಾವ ದಾರಿ ತಪ್ಪಿ ಅಲ್ಲಿ ಇಳದ. ಅಲ್ಲಿದ್ದವ್ರಿಗೆಲ್ಲಾ ಇಂಡಿಯನ್ ಅಂದ. ಅವ್ರಿಗೆ ಕೇಚುವಾ, ಐಮಾರಾ, ಮಾಯಾ ಅಂತ ಅವ್ರವ ಹೆಸರು ಇದ್ದವು, ಅವ ಕೇಳಲೇ ಇಲ್ಲ. ಹುಡಿಗ್ಯಾರ, ದಾರಿ ತಪ್ಪಿದಾವನ ಕೈಯಾಗ ಹೆಸರಿಡೋ ಕೆಲಸ ಕೊಡಬಾರದು."

ಆ ಹಾಜರಿ ಕೇಳಲು ಬೇರೆ ಕ್ಲಾಸಿನ ಹುಡುಗಿಯರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಗಂಟೆ ಬಾರಿಸುವ ಸಿಪಾಯಿ ಶರೀಫಸಾಬ ಒಂದು ದಿನ ಬಾಗಿಲಲ್ಲಿ ನಿಂತು, "ಅಕ್ಕಾರ, ನನಗೂ ಒಂದ್ ದೇಶ ಕೊಡ್ರಲಾ," ಎಂದ. "ಉರುಗ್ವೆ ತಗೊಳ್ರಿ," ಎಂದಳು ಗುಡ್ಡವ್ವ, "ಸಣ್ಣ ದೇಶ, ಒಬ್ಬರಿಗೆ ಬೇಕಾದಷ್ಟು ಆತು." ಶರೀಫಸಾಬ ಒಂದು ವಾರ ಉರುಗ್ವೆಯವನಾಗಿಯೇ ಗಂಟೆ ಬಾರಿಸಿದ.

ಕ್ಲಾಸಿನಲ್ಲಿ ಹೀಗೆ ಹುಲಿಯಾಗಿದ್ದವಳು ಮನೆಯಲ್ಲಿ ಮೆತ್ತಗಾದಳು. ಸುಳ್ಳು ಯಾಕೆ ಹೇಳಬೇಕು, ಅಂಜಿಕೆ ಯಾರಿಗೆ ಬಿಟ್ಟಿದೆ? ಹುಚ್ಚಪ್ಪನಿಗೆ ವರ್ಕ್‌ಶಾಪಿನಿಂದ ನಿವೃತ್ತಿ ಬಂದಿತ್ತು. ಅವ್ವ ಮುತ್ತವ್ವನಿಗೆ ಕಣ್ಣು ಮಂಜಾಗಿತ್ತು. ಒಲೆ ಉರಿಯುವುದು ಈಕೆಯ ನೌಕರಿಯಿಂದ. ಭಾನುವಾರ ಮುಂಜಾನೆ ಅಪ್ಪ ಅಂಗಳದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಗುಡ್ಡವ್ವ ಬರೆದ ಅರ್ಜಿಯನ್ನು ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿದಳು. "ಒಂದು ಹೆಸರಿನ ಸಲುವಾಗಿ ಮನಿ ಒಲಿ ಆರಸಲೇನು ಯಪ್ಪಾ? ಹುಬ್ಬಳ್ಳಿ ಅಂತ ಬರದಕೊಟ್ರ ಮುಗೀತಲ್ಲ."

ಹುಚ್ಚಪ್ಪ ಜೋರಾಗಿ ನಕ್ಕುಬಿಟ್ಟ. ಆ ಮನುಷ್ಯ ವರ್ಷಕ್ಕೊಮ್ಮೆ ನಗುವವನು.

"ಆ ಹೆಸರು ನಮಗ ಯಾರು ಕೊಟ್ರು ಗೊತ್ತೈತೇನು ನಿನಗ? ನಿಮ್ಮ ಮುತ್ಯಾ, ನಮ್ಮಪ್ಪ ಯಂಕಣ್ಣ ಇದ್ದನಲ್ಲ, ಅತ್ತಿಗುಂದದಾಗ ಯಾರರ ಸತ್ರ ಸುತ್ತಲ ಏಳೂರಿಗೆ ಸುದ್ದಿ ಮುಟ್ಟಸಾವ ಅವನ. ಬಿಸಲಿರಲಿ, ಮಳಿ ಇರಲಿ, ಓಡಬೇಕು. ಬೀಗರ ಮನಿ ಅಂಗಳದ ಹೊರಗ ನಿಂದರಬೇಕು. ಆ ಊರಾಗ ಅವನ ಹೆಸರು ಯಾರಿಗೂ ಗೊತ್ತಿಲ್ಲ, ಕೇಳಿದವ್ರೂ ಇಲ್ಲ. 'ಅತ್ತಿಗುಂದ ಬಂದಾನ' ಅಂತಿದ್ರು. ಅಷ್ಟ ಅಂದ್ರ ಸಾಕು, ಹೆಣ್ಮಕ್ಕಳು ಒಲಿ ಮ್ಯಾಲಿನ ಗಡಗಿ ಇಳಿಸಿ ಅಳಾಕ ಸುರು ಮಾಡತಿದ್ರು. ನಿಮ್ಮ ಸಾವಕಾರನ ಅಪ್ಪ ಹ್ವಾದಾಗ ಇವ ಹತ್ತು ವರ್ಷದಾವ, ಹೆಬ್ಬಳ್ಳ್ಯಾಗ ಸೋದರಮಾವನ ಮನ್ಯಾಗಿದ್ದ. ಎದಿಮಟ ನೀರಾಗ ಹಳ್ಳ ದಾಟಿ ಹೋಗಿ ಸುದ್ದಿ ಹೇಳಿದಾವ ನಿಮ್ಮ ಮುತ್ಯಾ. ಅತ್ತಿಗುಂದ ಅನ್ನೋ ಹೆಸರು ನಮಗ ಅತ್ತಿಗುಂದ ಕೊಟ್ಟಿಲ್ಲ ಮಗಳ. ಸುತ್ತಲ ಏಳೂರು ಕೊಟ್ಟಾವು. ಅದಕ್ಕ ನಾ ಸಾಲ್ಯಾಗ ಅದನ್ನ ಬರಿಸಿದೆ. ಈಗ ಹರದು ಒಗೀ ಅದನ್ನ. ರೊಟ್ಟಿ ಇಲ್ಲಂದ್ರ ಗಂಜಿ ಕುಡದೇವು."

ಗುಡ್ಡವ್ವ ಅರ್ಜಿಯನ್ನು ಒಲೆಗೆ ಹಾಕಿ ಅದರ ಮೇಲೆ ರೊಟ್ಟಿ ಬೇಯಿಸಿದಳು.

ಬುಧವಾರ ಸಾವಕಾರರು ಬಂದರು. ಜರಿಯಂಚಿನ ರುಮಾಲು, ಬಿಳಿ ಕೋಟು, ಕೈಯಲ್ಲಿ ಬೆತ್ತ. ಹಿಂದುಗಡೆ ಕುರ್ಚಿ ಹಾಕಿತ್ತು, ಪಕ್ಕದಲ್ಲಿ ತಾರಾಬಾಯಿ ಕುಳಿತರು. ಗುಡ್ಡವ್ವ ಎಂದಿನಂತೆ ಹಾಜರಿ ಕರೆದಳು, ಹುಡುಗಿಯರು ಎಂದಿನಂತೆ ಪೆರುವಿಯನ್, ಬೊಲಿವಿಯನ್ ಎಂದರು. ಸಾವಕಾರರ ಹುಬ್ಬು ಮೇಲೇರಿತು.

"ಇದೇನ್ ಆಟ ಹಚ್ಚೀರಿ? ಏ ತಂಗೀ, ನೀ ಹೇಳು. ಅಮೆರಿಕದವ್ರು ಅಂದ್ರ ಯಾರು?"

ಶಮೀಮ ಎದ್ದು ನಿಂತಳು. "ಎರಡೂ ಖಂಡದಾಗ ಹುಟ್ಟಿದವ್ರೆಲ್ಲಾ ಅಮೆರಿಕದವ್ರ ರೀ ಸಾವಕಾರ್ರ. ನೀವು ಯಾವ ದೇಶದವ್ರನ್ನ ಕೇಳಾಕತ್ತೀರಿ ಹೇಳ್ರಿ, ಅವ್ರ ಹೆಸರು ಹೇಳತೇನಿ."

"ಹುಚ್ಚ ಹುಡಿಗಿ. ಅಮೆರಿಕದವ್ರಂದ್ರ ವಾಷಿಂಗ್ಟನ್ನಿನವ್ರು. ಆ ಹೆಸರು ಅವ್ರದು. ಉಳಿದವ್ರು ಅಕ್ಕಪಕ್ಕದವ್ರು, ಹೊರಗಿನವ್ರು." ಅವರು ಹುಡುಗಿಯನ್ನು ನೋಡಿ ಹೇಳುತ್ತಿರಲಿಲ್ಲ, ಗುಡ್ಡವ್ವನನ್ನು ನೋಡಿ ಹೇಳುತ್ತಿದ್ದರು.

"ಸಾವಕಾರ್ರ," ಎಂದಳು ಗುಡ್ಡವ್ವ. "ನಿಮ್ಮ ಅಂಗಡಿಗೆ ಜಯಧರ ಹತ್ತಿ ಬರ್ತೈತಿ, ಲಕ್ಷ್ಮಿ ಹತ್ತಿ ಬರ್ತೈತಿ. ಲಕ್ಷ್ಮಿ ಒಂದ ಹತ್ತಿ, ಉಳಿದದ್ದು ಹತ್ತಿನ ಅಲ್ಲ ಅಂತ ಯಾರರ ಅಂದ್ರ ನೀವು ಒಪ್ಪತೀರೇನ್ರಿ?"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಾರಾಬಾಯಿ ಸೆರಗಿನಿಂದ ಕುರ್ಚಿಯ ಕೈ ಒರೆಸತೊಡಗಿದರು. ಸಾವಕಾರರು ಬೆತ್ತ ನೆಲಕ್ಕೆ ಕುಟ್ಟಿ ಎದ್ದರು.

"ಹತ್ತಿ ಮಾತು ನನಗ ಕಲಸಬ್ಯಾಡ. ನಾ ಖುಲ್ಲಂಖುಲ್ಲಾ ಹೇಳತೇನಿ. ಊರ ಹೆಸರು ಊರೊಳಗ ಇದ್ದವ್ರಿಗೆ. ಹೊರಗಿದ್ದವ್ರು ಅದನ್ನ ಹಚ್ಚಿಕೊಂಡ್ರ ಅದು ಕಳವು."

ಕಳವು! ಹುಡುಗಿಯರ ಮುಂದೆ, ಒಬ್ಬ ಅಕ್ಕಾರಿಗೆ! ಗುಡ್ಡವ್ವ ಕೈಯಲ್ಲಿದ್ದ ಕೋಲನ್ನು ಮೇಜಿನ ಮೇಲೆ ಇಟ್ಟಳು. ಮಾತು ಮಾತ್ರ ಮೆಲ್ಲಗೆ ಬಂತು.

"ನಿಮ್ಮ ಅಪ್ಪಾರು ತೀರಿಕೊಂಡಾಗ ನೀವು ಎಲ್ಲಿದ್ರಿ ಸಾವಕಾರ್ರ?"

ಅವರಿಗೆ ಅರ್ಥವಾಗಲಿಲ್ಲ. "ಅದ್ಯಾಕ ಈಗ? ಹೆಬ್ಬಳ್ಳ್ಯಾಗಿದ್ದೆ. ನಮ್ಮ ಸೋದರಮಾವನ ಮನ್ಯಾಗ."

"ಸುದ್ದಿ ಯಾರು ತಂದ್ರು?"

ಮಹಾಂತಯ್ಯನವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಹತ್ತು ವರ್ಷದ ಹುಡುಗ ಮತ್ತೆ ಆ ಅಂಗಳಕ್ಕೆ ಬಂದು ನಿಂತಿದ್ದು ಗುಡ್ಡವ್ವನ ಕಣ್ಣಿಗೆ ಕಂಡಂತಾಯಿತು. ಅವರನ್ನು ಕಂಡು ಅಯ್ಯೋ ಅನ್ನಿಸಿತು. ಆದರೂ ಬಿಡಲಿಲ್ಲ.

"ಹಳ್ಳ ದಾಟಿ, ತೊಯ್ದ ಧೋತರದಾಗ ಬಂದು ಹೊರಗ ನಿಂತಾವ ನಮ್ಮ ಮುತ್ಯಾ ಯಂಕಣ್ಣ. ಅವ ಬಂದದ್ದು ಕಂಡು ನಿಮ್ಮ ಅತ್ತಿ ಒಳಗಿನವ್ರಿಗೆ ಕೂಗಿ ಏನಂದ್ರು? ಯಾರು ಬಂದಾರ ಅಂದ್ರು? ನೆನಪಿರಬೇಕು ನಿಮಗ. ಅಂಥಾ ಮಾತು ಯಾರೂ ಮರಿಯಂಗಿಲ್ಲ. ನೀವ ಹೇಳ್ರಿ."

ಕಿಟಕಿಯಲ್ಲಿ ಶರೀಫಸಾಬ ನಿಂತಿದ್ದ, ಗಂಟೆ ಹೊಡೆಯುವ ಹೊತ್ತು ಮೀರಿದ್ದು ಅವನಿಗೆ ತಿಳಿಯಲಿಲ್ಲ. ಸಾವಕಾರರು ರುಮಾಲು ಸರಿಮಾಡಿಕೊಂಡರು. ಬೆತ್ತ ಹುಡುಕಿದರು, ಅದು ಅವರ ಕೈಯಲ್ಲೇ ಇತ್ತು.

"ಅತ್ತಿಗುಂದ," ಎಂದರು. ಆಮೇಲೆ ಮಾತು ಪೂರ್ತಿ ಮಾಡಿದರು. "ಅತ್ತಿಗುಂದ ಬಂದಾನ ಅಂದ್ಲು."

"ಮತ್ತ ಕಳವು ಹೆಂಗ ಆಗತೈತ್ರಿ?" ಎಂದಳು ಗುಡ್ಡವ್ವ. "ನಿಮ್ಮ ಮನಿ ಸಾವು ಹೊತ್ತು ಓಡುವಾಗ ನಾವು ಅತ್ತಿಗುಂದದವ್ರು. ಹಾಜರಿ ಪುಸ್ತಕದಾಗ ಬರಿಯುವಾಗ ಹೊರಗಿನವ್ರೇನು? ಕಾಯಂ ಮಾಡ್ರಿ, ಬಿಡ್ರಿ, ಅದು ನಿಮ್ಮ ಕೈಯಾಗ ಐತಿ. ಹೆಸರು ನಿಮ್ಮ ಕೈಯಾಗ ಇಲ್ಲ."

ಸಾವಕಾರರು ಹೊರಟುಹೋದರು. ತಾರಾಬಾಯಿ ಅವರ ಹಿಂದೆ ಓಡಿದರು. ಗುಡ್ಡವ್ವ ಕುರ್ಚಿಯಲ್ಲಿ ಕುಳಿತು ನೀರು ಕೇಳಿದಳು. ನೀರು ತಂದುಕೊಡಲು ಎಂಟು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು.

ಫೆಬ್ರುವರಿಯಲ್ಲಿ ಮಂಡಳಿ ಕೂಡಿತು. ಹೆಸರಿನ ಮಾತು ಬಂದಾಗ ಸಾವಕಾರರು ಕಿಟಕಿಯ ಕಡೆ ಮುಖ ಮಾಡಿ, "ಸರ್ಟಿಫಿಕೇಟಿನಾಗ ಇದ್ದಂಗ ಬರೀರಿ," ಎಂದರಂತೆ. ಅವರು ಬದಲಾದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಂದೆ ಬದುಕಿರುವವರೆಗೂ ಅವರು ಗುಡ್ಡವ್ವನನ್ನು ಹೆಸರು ಹಿಡಿದು ಕರೆಯಲಿಲ್ಲ. ಎದುರು ಬಂದರೆ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು. ಆದರೆ ಮಾರ್ಚ್ ಒಂದನೆಯ ತಾರೀಖು ಗುಡ್ಡವ್ವ ಪೆನ್ನು ತೆಗೆದು ಹಾಜರಿ ಪುಸ್ತಕ ಬಿಚ್ಚಿದರೆ ಬರೆಯಲು ಜಾಗವೇ ಇರಲಿಲ್ಲ. ಮೂರೂ ಮಾತು ತಾರಾಬಾಯಿಯ ಅಕ್ಷರದಲ್ಲಿ ಬರೆದಾಗಿತ್ತು. ಆವತ್ತು ಅವರು ವರಾಂಡದಿಂದ, "ಅತ್ತಿಗುಂದ ಅಕ್ಕಾರ, ಬರ್ರಿಲ್ಲೆ," ಎಂದು ಕೂಗಿದ ದನಿ ರಸ್ತೆಯವರೆಗೂ ಕೇಳಿತಂತೆ.

ಐದು ವರ್ಷ ಕಳೆಯಿತು. ೧೯೬೮ರ ಶ್ರಾವಣದಲ್ಲಿ ಒಂದು ಮುಂಜಾನೆ ಪ್ರಾರ್ಥನೆ ಮುಗಿದು ಹುಡುಗಿಯರು ಕ್ಲಾಸಿಗೆ ಹೋದ ಮೇಲೆ ತಾರಾಬಾಯಿ ಗುಡ್ಡವ್ವನನ್ನು ಕೋಣೆಗೆ ಕರೆದರು. ಕಣ್ಣು ಕೆಂಪಾಗಿತ್ತು.

"ಅತ್ತಿಗುಂದ ಅಕ್ಕಾರ, ಮಹಾಂತಯ್ಯ ಸಾವಕಾರರು ಹೋಗಿಬಿಟ್ರಂತ್ರಿ, ಈಗಷ್ಟ ಸುದ್ದಿ ಬಂತು. ಸಾಲಿ ಸೂಟಿ ಕೊಡಬೇಕು. ನೀವು ಲಗೂನ ಒಂದೊಂದು ಕ್ಲಾಸಿಗೆ ಹೋಗಿ ಹುಡಿಗ್ಯಾರಿಗೆ ಹೇಳಿಬರ್ರಿ. ನಿಮ್ಮ ದನಿ ಛಲೋ ಅದ."

ಪಾಪ, ತಾರಾಬಾಯಿಗೆ ತಾವು ಏನು ಹೇಳುತ್ತಿದ್ದೇವೆ ಎಂಬುದು ಹೊಳೆದಿರಲಿಲ್ಲ. ಗುಡ್ಡವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ಮನುಷ್ಯನ ಬಗ್ಗೆ ಆಕೆಗೆ ನಿಜವಾಗಿ ದುಃಖವಾಯಿತು. ಅಂಗಳದಲ್ಲಿ ನಿಂತ ಹತ್ತು ವರ್ಷದ ಹುಡುಗನೇ ಕಣ್ಣ ಮುಂದೆ ಬಂದ.

"ಬಾಯಾರ," ಎಂದಳು, "ಸಾವಕಾರ್ರು ಹ್ವಾದದ್ದು ನನಗ ಖರೇನ ಕೆಟ್ಟನಿಸಾಕತ್ತೈತಿ. ಆದ್ರ ಅವ್ರ ಮನಿ ಸಾವಿನ ಸುದ್ದಿ ಹೊತ್ತು ಬಾಗಲಾ ಬಾಗಲಾ ತಿರುಗೋದು ನಮ್ಮ ಮುತ್ಯಾನ ಕಾಲಕ್ಕ ಮುಗೀತ್ರಿ. ನಾವು ಇಟಗೊಂಡದ್ದು ಹೆಸರಷ್ಟ. ಸುದ್ದಿ ಬ್ಯಾರೆಯವ್ರು ಹೇಳ್ಲಿ."

ತಾರಾಬಾಯಿ ಎದ್ದು, ಸೆರಗು ಹೊದ್ದುಕೊಂಡು, ತಾವೇ ಒಂದೊಂದು ಕ್ಲಾಸಿಗೆ ಹೋಗಿ ಸುದ್ದಿ ಹೇಳುತ್ತ ಬಂದರು. ಎಂಟನೆಯ ಕ್ಲಾಸಿನ ಬಾಗಿಲಿಗೆ ಅವರು ಬಂದಾಗ ಗುಡ್ಡವ್ವ ಹುಡುಗಿಯರ ಜೊತೆ ಎದ್ದು ನಿಂತು, ತಲೆ ತಗ್ಗಿಸಿ, ಆ ಸುದ್ದಿ ಕೇಳಿದಳು.